ನೂಲಿನಲ್ಲಿ ಅಳೆದ ದಾರಿ

ಆಗಸ್ಟ್ 19, ಸೋಮವಾರ

ಹಾಗೆಂದ ಮಾತ್ರಕ್ಕೆ ನಾನು ಆಂಜಿನಪ್ಪನಿಗೆ ಒಪ್ಪಿಗೆ ಕೊಟ್ಟೆ ಎಂದಲ್ಲ. ನಿನ್ನೆ ಹಿಂದಿನ ಪುಟದ ತನಕ ಬರೆಯುವಷ್ಟರಲ್ಲಿ ತೂಕಡಿಕೆ ಬಂದು ಪುಸ್ತಕ ಮುಚ್ಚಿದೆ. ಜೊತೆಗೆ ಓಡುತ್ತೀಯಾ ಎಂದು ಅವನು ಕೇಳಿದ, ನಾನು ಟೀ ಲೋಟ ತೊಳೆಯಲು ಎದ್ದೆ, ಅಷ್ಟೇ. ಲೋಟ ತೊಳೆದದ್ದನ್ನೇ ಹೂಂ ಎಂದುಕೊಂಡು ಹೊರಟುಹೋದ. ಇಂಗ್ಲಿಷಿನಲ್ಲಿ ಇಂಥ ಒಪ್ಪಿಗೆಗೆ ಟೇಸಿಟ್ ಎಂದೋ ಏನೋ ಒಂದು ಪದವಿದೆ. ಬಿ.ಎ. ಎರಡನೇ ವರ್ಷದ ತನಕ ಓದಿದ್ದರಲ್ಲಿ ನನ್ನ ಹತ್ತಿರ ಉಳಿದಿರುವುದು ಇಂಥ ಚೂರುಪಾರುಗಳೇ.

ವಿಷಯ ಇಷ್ಟು. ಆಂಜಿನಪ್ಪ ನಮ್ಮ ಬೀದಿಯ ಕೊನೆಮನೆಯವನು. ನನಗಿಂತ ಎರಡು ವರ್ಷ ಚಿಕ್ಕವನು, ಅರವತ್ತೆರಡು. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಳು. ಮಗಳು ಅರ್ಪಿತ, ಅಳಿಯ ಜೊತೆಗೇ ಇದ್ದಾರೆ. ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಹೋದ ಮೇ ತಿಂಗಳಲ್ಲಿ, ಅವಳಿಗೆ ರಜೆಯಿದ್ದ ಒಂದು ದಿನ, ಇವನು ಶೆಡ್ಡಿನೊಳಗೆ ತಲೆ ಸುತ್ತಿ ಬಿದ್ದ. ನಮ್ಮ ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಮಗ್ಗದ ಸದ್ದು ಕೇಳುತ್ತಿದ್ದರೆ ಒಳಗಿರುವವನು ಚೆನ್ನಾಗಿದ್ದಾನೆ ಎಂದೇ ಲೆಕ್ಕ. ಸದ್ದು ನಿಂತರೆ ಮಾತ್ರ ಅಕ್ಕಪಕ್ಕದವರು ಬಾಗಿಲಲ್ಲಿ ಇಣುಕುತ್ತಾರೆ. ಅವನ ಹಳೆಯ ಮಗ್ಗಗಳಿಗೆ ನೂಲು ಮುಗಿದಾಗ ತಾವಾಗಿ ನಿಲ್ಲುವ ಏರ್ಪಾಡು ಕೆಟ್ಟು ವರ್ಷಗಳಾಗಿವೆ. ಲಾಳಿಯಲ್ಲಿ ಎಳೆ ಮುಗಿದ ಮೇಲೂ ನಾಲ್ಕೂ ಬಡಿಯುತ್ತಲೇ ಇದ್ದವು. ಒಂದೂವರೆ ಗಂಟೆ ಅವನು ನೆಲದ ಮೇಲಿದ್ದ, ಬೀದಿಯ ಲೆಕ್ಕದಲ್ಲಿ ಚೆನ್ನಾಗಿದ್ದ. ಅರ್ಪಿತ ಊಟಕ್ಕೆ ಕರೆಯಲು ಹೋದಾಗಲೇ ಗೊತ್ತಾದದ್ದು.

ಡಾಕ್ಟರು ಎದೆ, ರಕ್ತ ಎಲ್ಲ ನೋಡಿ, ಶುಗರ್ ಇಳಿದಿದೆ, ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ ತಗೊಂಡು ದಿನಾ ನಡೆಯಿರಿ ಎಂದರು. ಅರ್ಪಿತ ಮಗ್ಗಗಳನ್ನು ಗುಜರಿಗೆ ಹಾಕೋಣ ಎಂದಳು. ಮೂರು ತಿಂಗಳು ಇದೇ ಜಗಳ. ಹೋದ ವಾರ ಪೇಪರಿನೊಳಗೆ ದೇವನಹಳ್ಳಿ ಕಡೆಯ ಹಾಫ್ ಮ್ಯಾರಥಾನಿನ ಕರಪತ್ರ ಬಂತಂತೆ.

“ಬಸ್ ಸ್ಟ್ಯಾಂಡ್ ತನಕ ನಡ್ದ್ರೆ ಏದುಸಿರು ಬಿಡ್ತೀಯ. ನಾಲ್ಕು ಮಗ್ಗ ಬೇಕಾ ಅಪ್ಪ ನಿಂಗೆ?”

“ಬಸ್ ಸ್ಟ್ಯಾಂಡ್ ಏನಮ್ಮಾ, ಇದುನ್ನೇ ಓಡ್ತೀನಿ. ಬರ್ಕೊ.”

ಅವಳು ನಿಜವಾಗಿಯೂ ಬರೆದುಕೊಂಡಳು, ಕರಪತ್ರದ ಹಿಂದೆ. ಡಿಸೆಂಬರ್ ಎಂಟರಂದು ಇಪ್ಪತ್ತೊಂದು ಕಿಲೋಮೀಟರನ್ನು ಮೂರು ಮುಕ್ಕಾಲು ಗಂಟೆಯೊಳಗೆ ಮುಟ್ಟಿದರೆ ಮಗ್ಗಗಳು ಇರುತ್ತವೆ, ಇಲ್ಲದಿದ್ದರೆ ನಾಲ್ಕೂ ಹೋಗುತ್ತವೆ. ಜೊತೆಗೆ ಒಬ್ಬರು ಓಡಲೇಬೇಕು. ಇಬ್ಬರೂ ಸಹಿ ಹಾಕಿದ್ದಾರೆ.

“ಊರ್ನಲ್ಲಿ ಖಾಲಿ ಬಿದ್ದಿರೋನು ನೀನೊಬ್ನೇ ಕಣ್ಲಾ ಭೀಮ” ಎಂದ ನನ್ನ ಹತ್ತಿರ ಬಂದು.

ಸುಳ್ಳಲ್ಲ. ಹೆಂಡತಿ ಪ್ರಮೋದಾ ತೀರಿಹೋಗಿ ಎರಡು ವರ್ಷ ಐದು ತಿಂಗಳಾಯಿತು. ನೂಲಿನ ಡಿಪೋದಿಂದ ನಾನು ನಿವೃತ್ತನಾದದ್ದೂ ಅದೇ ವರ್ಷ. ಹಾಲಿನ ಪ್ಯಾಕೆಟ್ಟನ್ನು ಈಗ ಬಾಗಿಲಿಗೇ ಹಾಕಿಸಿಕೊಳ್ಳುತ್ತೇನೆ. ಮುಂದಿನ ಕೋಣೆಯ ಕಿಟಕಿಯನ್ನು ಈ ವರ್ಷ ತೆಗೆದ ನೆನಪಿಲ್ಲ. ತೆಗೆಯಬಾರದು ಎಂದೇನಲ್ಲ, ತೆಗೆಯುವುದಕ್ಕೆ ಕಾರಣ ಸಿಕ್ಕಿಲ್ಲ.

ಆಗಸ್ಟ್ 25, ಭಾನುವಾರ

ಓಡುವ ಮೊದಲು ದಾರಿ ಅಳೆಯಬೇಕು ಎಂದ ಆಂಜಿನಪ್ಪ. ಅವನ ಮೊಪೆಡ್ಡಿನ ಮೀಟರು ನಿಂತು ಒಂಬತ್ತು ವರ್ಷ. ನೂಲಿನ ಅಂಗಡಿಯ ನಾಸಿರ್, “ಫೋನಲ್ಲೇ ಅಳೀಬೋದಲ್ಲ ಅಣ್ಣಾ, ನಾನು ಹಾಕ್ಕೊಡ್ತೀನಿ” ಎಂದ.

“ಫೋನು ಆಕಾಸ್ದಿಂದ ಅಳೀತದೆ ಕಣಪ್ಪಾ. ಓಡೋನು ನೆಲದ ಮೇಲವ್ನೆ.”

ಕೊನೆಗೆ ನೂಲಿನಲ್ಲಿ ಅಳೆಯುವುದು ಎಂದಾಯಿತು. ನನ್ನದೇ ಸಲಹೆ. ನೂಲಿನ ವ್ಯಾಪಾರದಲ್ಲಿ ಉದ್ದವನ್ನು ಯಾರೂ ಅಳೆಯುವುದಿಲ್ಲ, ತೂಗುತ್ತಾರೆ. ಎರಡೆಳೆ ಹುರಿಮಾಡಿದ ರೇಷ್ಮೆಯಾದರೆ ಒಂಬತ್ತು ಸಾವಿರ ಮೀಟರಿಗೆ ನಲವತ್ತೆರಡು ಗ್ರಾಂ. ಎಷ್ಟು ಗ್ರಾಂ ಬಿಚ್ಚಿಹೋಯಿತು ಎಂದು ಗೊತ್ತಾದರೆ ಎಷ್ಟು ದಾರಿ ಎಂದು ಗೊತ್ತಾದ ಹಾಗೆ. ಮೂವತ್ತೊಂದು ವರ್ಷ ಡಿಪೋದಲ್ಲಿ ನಾನು ಮಾಡಿದ್ದು ಇದೇ ಲೆಕ್ಕ.

ಬೆಳಿಗ್ಗೆ ಐದೂವರೆಗೆ ಅವನ ಮನೆಯೆದುರಿನ ಲೈಟುಕಂಬಕ್ಕೆ ಎಳೆಯ ತುದಿ ಕಟ್ಟಿದೆವು. ಅವನು ಮೊಪೆಡ್ಡನ್ನು ನಡಿಗೆಯ ವೇಗದಲ್ಲಿ ಬಿಟ್ಟ. ನಾನು ಹಿಂದೆ ಮುಖ ಮಾಡಿ ಕೂತು, ನೂಲಿನ ಕೋನನ್ನು ಕೋಲಿಗೆ ಸಿಕ್ಕಿಸಿ ಹಿಡಿದೆ. ಬೀದಿ ದಾಟಿ, ನಾಗರಕೆರೆಯ ಏರಿ ಹಿಡಿದು, ಆ ಕಡೆಯ ರಸ್ತೆಯಿಂದ ಸುತ್ತಿ ಮತ್ತೆ ಕಂಬಕ್ಕೆ. ಎಳೆ ಐದು ಸಲ ತುಂಡಾಯಿತು. ಐದು ಸಲವೂ ಅವನು ಇಳಿದು, ಕಣ್ಣಿಂದ ನೋಡದೆ, ಒಂದೇ ಕೈಯಲ್ಲಿ ಗಂಟು ಹಾಕಿದ. ಏರಿಯ ಹತ್ತಿರ ಒಂದು ಎಮ್ಮೆ ಸ್ವಲ್ಪ ನೂಲನ್ನು ಕೊಂಬಿಗೆ ಸುತ್ತಿಕೊಂಡು ಹೋಯಿತು. ಅದರ ಪಾಲನ್ನು ಅಂದಾಜಿನಲ್ಲಿ ಕಳೆದೆ. ಬಾಗಿಲಿಗೆ ನೀರು ಹಾಕುತ್ತಿದ್ದ ಹೆಂಗಸೊಬ್ಬಳು, “ಏನ್ರಣ್ಣಾ, ಊರಿಗೇ ದೃಷ್ಟಿದಾರ ಕಟ್ತಿದ್ದೀರಾ?” ಎಂದಳು. “ಹೂಂ ಕಣಮ್ಮಾ, ನಿಮ್ಮನೆ ಬಿಟ್ಟು” ಎಂದ ಆಂಜಿನಪ್ಪ.

ನಾಸಿರನ ತಕ್ಕಡಿಯಲ್ಲಿ ಕೋನು ಮೂವತ್ತೆರಡೂ ಮುಕ್ಕಾಲು ಗ್ರಾಂ ಇಳಿದಿತ್ತು.

“ಎರಡೆಳೇನೋ ಮೂರೆಳೇನೋ ನೋಡ್ಕೊಂಡ್ರಾ ಭೀಮಣ್ಣ? ಇದರ ಮೇಲೆ ಚೀಟಿ ಇಲ್ಲ.”

ನಾನು ಎರಡು ಬೆರಳ ನಡುವೆ ಉಜ್ಜಿ ನೋಡಿದೆ. “ಎರಡೆಳೆ. ಇದಕ್ಕೂ ಚೀಟಿ ಬೇಕೇನಯ್ಯಾ?”

ಲೆಕ್ಕ ಹಾಕಿದರೆ ಕರಾರುವಾಕ್ಕಾಗಿ ಏಳು ಕಿಲೋಮೀಟರು. ಮೂರು ಸುತ್ತಿಗೆ ಇಪ್ಪತ್ತೊಂದು. ಎಗ್ಸಾಕ್ಟ್.

ಸೆಪ್ಟೆಂಬರ್ 3, ಮಂಗಳವಾರ

ಅರ್ಧ ಸುತ್ತು. ಮೀನಖಂಡ ಕಲ್ಲಾಗಿದೆ. ಬರೆಯಲು ಏನೂ ಇಲ್ಲ.

ಸೆಪ್ಟೆಂಬರ್ 22, ಭಾನುವಾರ

ಒಂದೂವರೆ ಸುತ್ತು, ನಡುವೆ ನಡಿಗೆ. ಗಡಿಯಾರ ನನ್ನ ಕೈಯಲ್ಲಿರುತ್ತದೆ. ಅವನು ಬರೀ ಕೇಳುತ್ತಾನೆ.

ಆಂಜಿನಪ್ಪನ ಜೊತೆ ಓಡುವುದೆಂದರೆ ಅವನ ಕೈಗಳ ಜೊತೆ ಓಡುವುದು. ನಲವತ್ತು ವರ್ಷ ಮಗ್ಗದ ಸದ್ದಿನಲ್ಲಿ ಕಳೆದವನಿಗೆ ಮಾತಿಗಿಂತ ಸನ್ನೆ ಸಲೀಸು. ಎರಡು ಬೆರಳು ಕತ್ತರಿಯ ಹಾಗೆ ಆಡಿಸಿದರೆ ಎಳೆ ಕಡಿದಿದೆ ಎಂದು, ಅಂದರೆ ಅವನಿಗೆ ಉಸಿರು ಕಟ್ಟಿದೆ. ಹೆಬ್ಬೆರಳನ್ನು ಬಾಯಿಗೆ ತೋರಿಸಿದರೆ ಟೀ. ಬಾಯಿ ಬಿಟ್ಟರೆ ಶೆಡ್ಡಿನಲ್ಲಿ ಕೂಗುವಷ್ಟೇ ಜೋರು. ಕೆರೆಯ ಕೊಕ್ಕರೆಗಳೆಲ್ಲ ಏಳುತ್ತವೆ. ಕೊನೆಯ ಒಂದು ಫರ್ಲಾಂಗು ಮಾತ್ರ ಅವನು ನನ್ನನ್ನು ಬಿಟ್ಟು ಲೈಟುಕಂಬದ ತನಕ ರಭಸವಾಗಿ ಓಡಿ, ಕಂಬಕ್ಕೆ ಒಂದು ಏಟು ಹೊಡೆದು ನಿಲ್ಲುತ್ತಾನೆ. ಅಗತ್ಯವೇನಿಲ್ಲ. ನೆವರ್‌ದಿಲೆಸ್ ದಿನಾ ಮಾಡುತ್ತಾನೆ.

ಬರುವಾಗ ಹಾಲು ತಂದೆ. ಹಾಲಿನ ಹುಡುಗ ಪ್ಯಾಕೆಟ್ಟು ಎಸೆಯುವ ಹೊತ್ತಿಗೆ ನಾನು ಮನೆಯಲ್ಲಿ ಇರುವುದಿಲ್ಲ, ಬೆಕ್ಕು ಕುಡಿಯುತ್ತದೆ. ಅದಕ್ಕೇ ಬೇಡ ಎಂದಿದ್ದೇನೆ.

ಅಕ್ಟೋಬರ್ 11, ಶುಕ್ರವಾರ

ಆಯುಧಪೂಜೆ. ಆಂಜಿನಪ್ಪನ ಶೆಡ್ಡಿಗೆ ಹೋಗಿದ್ದೆ. ನಾಲ್ಕೂ ಮಗ್ಗಕ್ಕೆ ಚೆಂಡುಹೂವಿನ ಹಾರ, ಲಾಳಿಗಳಿಗೆ ಕುಂಕುಮ. ಅವನು ಮಗ್ಗಗಳಿಗೆ ಆರತಿ ಎತ್ತುವಾಗ ಡಿಸೆಂಬರ್ ತಿಂಗಳೇ ಇಲ್ಲದವನ ಹಾಗಿದ್ದ. ಅರ್ಪಿತ ನನಗೆ ಪ್ರಸಾದ ಕೊಟ್ಟು, ಪಕ್ಕದಲ್ಲಿ ನಿಂತು ಸಣ್ಣಗೆ ಮಾತಾಡಿದಳು.

“ಮಾಮ, ಮಗ್ಗದ ಮೇಲೆ ನಂಗೇನೂ ಹಗೆಯಿಲ್ಲ. ನನ್ನ ಓದು, ಮದ್ವೆ ಎಲ್ಲಾ ಇದ್ರಿಂದ್ಲೇ ಆಗಿದ್ದು. ಆವತ್ತು ನಾನು ಸಾರಿಗೆ ಒಗ್ಗರಣೆ ಹಾಕ್ತಾ ಈ ಸದ್ದು ಕೇಳ್ತಿದ್ದೆ. ಕೇಳ್ಕೊಂಡು ಹಾಡು ಗುನುಗ್ತಾ ಇದ್ದೆ ಮಾಮ. ಇಲ್ಲಿ ಅಪ್ಪ ನೆಲದ ಮೇಲೆ.”

“ಹೂಂ” ಎಂದೆ.

“ಈಗ ಫ್ಯಾಕ್ಟ್ರೀಲಿ ಕೂತಿದ್ರೂ ಕಿವೀಲಿ ಅದೇ. ಸದ್ದು ನಿಂತ್ರೂ ಭಯ, ನಿಲ್ದಿದ್ರೂ ಭಯ.”

ಕಡಲೆ ಉಸಲಿಗೆ ಉಪ್ಪು ಸ್ವಲ್ಪ ಮುಂದಾಗಿತ್ತು.

ನವೆಂಬರ್ 10, ಭಾನುವಾರ

ಮೂರು ಸುತ್ತು! ಪೂರ್ತಿ ಇಪ್ಪತ್ತೊಂದು. ಎರಡು ಗಂಟೆ ಇಪ್ಪತ್ತು ನಿಮಿಷ. ಗಡುವಿಗಿಂತ ಒಂದು ಗಂಟೆ ಇಪ್ಪತ್ತೈದು ನಿಮಿಷ ಮುಂಚೆ. ಆಂಜಿನಪ್ಪ ಕಂಬಕ್ಕೆ ಹೊಡೆದ ಏಟಿಗೆ ಎದುರು ಮನೆಯ ನಾಯಿ ಬೊಗಳಿತು.

ನಾಸಿರ್ ನಂಬಲಿಲ್ಲ. “ಅಣ್ಣಾ, ಇದು ಹುಡುಗರ ಟೈಮು. ನೀವಿಬ್ರೂ ಸೇರಿ ನೂರಾ ಇಪ್ಪತ್ತಾರು ವರ್ಷ.”

“ವರ್ಷ ತೂಗಬ್ಯಾಡ, ಕಾಲ್ ನೋಡು” ಎಂದು ಆಂಜಿನಪ್ಪ ಪ್ಯಾಂಟು ಮೇಲೆತ್ತಿ ಮೀನಖಂಡ ತೋರಿಸಿದ.

ಅದೇ ಹುರುಪಿನಲ್ಲಿ ಅವನು ನಾಲ್ಕೂ ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದೆಳೆಗಳ ಸುರುಳಿ, ಏರಿಸಿದ್ದಾನೆ. ಯುಗಾದಿ ತನಕ ನೇಯುವಷ್ಟು. ಇನ್ನೂ ಓಟವೇ ಆಗಿಲ್ಲವಲ್ಲೋ ಎಂದೆ. “ಆಗೋಯ್ತಲ್ಲ ಇವತ್ತು. ಅಲ್ಲಿ ಹೋಗಿ ಮಾಡೋದು ಬರೀ ಸಹಿ” ಎಂದ.

ರಾತ್ರಿ ಮುದ್ದೆ ಎರಡು ತಿಂದೆ. ಮುಂದಿನ ಕಿಟಕಿಯಿಂದ ಸೊಳ್ಳೆ ಬಹಳ. ಜಾಲರಿ ಹಾಕಿಸಬೇಕು.

ನವೆಂಬರ್ 29, ಶುಕ್ರವಾರ

ಓಡುವ ಪ್ಯಾಂಟಿನ ಜೇಬಿನ ಗುಂಡಿ ಕಿತ್ತುಹೋಗಿತ್ತು. ಹೊಲಿಯೋಣವೆಂದು ಕೂತೆ. ಮನೆಯಲ್ಲಿ ಬೇರೆ ದಾರ ಸಿಗಲಿಲ್ಲ, ಅಳತೆಗೆ ತಂದ ಕೋನಿನಲ್ಲಿ ಉಳಿದದ್ದೇ ಇತ್ತು. ಸೂಜಿಗೆ ಪೋಣಿಸಲು ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ಬೆಳಕಿಗೆ ಹಿಡಿದೆ. ಹುರಿ ಸಡಿಲಾಗಿ ತುದಿ ಬಿಚ್ಚಿಕೊಂಡಿತು.

ಮೂರು ಎಳೆ.

ಕನ್ನಡಕ ಒರೆಸಿ ಇನ್ನೊಂದು ಕಡೆ ಕತ್ತರಿಸಿ ನೋಡಿದೆ. ಮೂರು. ಮತ್ತೊಂದು ಕಡೆ. ಮೂರು.

ಮೂರೆಳೆಯಾದರೆ ಒಂಬತ್ತು ಸಾವಿರ ಮೀಟರಿಗೆ ಅರವತ್ತಮೂರು ಗ್ರಾಂ. ಪೆನ್ಸಿಲ್ ತೆಗೆದು ಲೆಕ್ಕ ಹಾಕಿದೆ. ನಮ್ಮ ಸುತ್ತು ಏಳು ಕಿಲೋಮೀಟರಲ್ಲ, ನಾಲ್ಕೂ ಮುಕ್ಕಾಲಕ್ಕೂ ಕಡಿಮೆ. ಇಪ್ಪತ್ತೊಂದು ಎಂದು ನಾವು ಓಡಿದ್ದು ಹದಿನಾಲ್ಕು. ನಾವು ಯಾವತ್ತೂ ಇಪ್ಪತ್ತೊಂದು ಓಡಿಲ್ಲ. ಅದರ ಹತ್ತಿರಕ್ಕೂ ಹೋಗಿಲ್ಲ.

ಗುಂಡಿ ಹೊಲಿದೆ. ಮೂರೆಳೆ ಗಟ್ಟಿ.

ನವೆಂಬರ್ 30, ಶನಿವಾರ

ಹೇಳಲಿಲ್ಲ. ಹೇಳೋಣವೆಂದೇ ಹೋಗಿದ್ದೆ. ಅವನು ಏರಿಯ ಮೇಲೆ ಹಾಡು ಹೇಳುತ್ತಾ ಓಡಿದ.

ಡಿಸೆಂಬರ್ 4, ಬುಧವಾರ

ಇನ್ನು ನಾಲ್ಕು ದಿನ. ನಾಲ್ಕು ದಿನದಲ್ಲಿ ಏಳು ಕಿಲೋಮೀಟರು ಕಾಲಿಗೆ ಸೇರುವುದಿಲ್ಲ. ಹೇಳಿದರೆ ಧೈರ್ಯ ಹೋಗುತ್ತದೆ, ಕಾಲೂ ಹೋಗುತ್ತದೆ. ಹೇಳದಿದ್ದರೆ ಹುರುಪಿನಲ್ಲೇ ಮುಟ್ಟಿದರೂ ಮುಟ್ಟಬಹುದು. ಇದು ನಾನು ಕೂತು ಯೋಚಿಸಿ ಬಂದ ತೀರ್ಮಾನ. ಈ ವಿಷಯದಲ್ಲಿ ನನಗೆ ಅನುಭವವಿದೆ.

ಪ್ರಮೋದಾಳ ಆಸ್ಪತ್ರೆಯ ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಡಿಪೋದ ಮೇಜಿನಲ್ಲಿಟ್ಟಿದ್ದೆ. ಮನೆಗೆ ಬಂದು ಗ್ಯಾಸ್ಟ್ರಿಕ್ ಎಂದೆ. ನಥಿಂಗ್ ಸೀರಿಯಸ್. ಐದು ತಿಂಗಳು ಅದನ್ನೇ ಹೇಳಿದೆ. ಮುಳಬಾಗಿಲಿನ ತಂಗಿಯ ಮನೆಯಲ್ಲಿ ಒಂದು ತಿಂಗಳು ಇದ್ದು ಬರುತ್ತೇನೆ ಎಂದು ಎರಡು ಸಲ ಕೇಳಿದಳು. ಗಾಬರಿಯಾದಾಳು ಎಂದು, ಯುಗಾದಿ ಕಳೆಯಲಿ, ಹೋಗುವೆಯಂತೆ ಎಂದೆ. ಅವಳು ಹೋದಾಗ ಯುಗಾದಿಗೆ ಇನ್ನೂ ನಾಲ್ಕು ದಿನವಿತ್ತು. ಅವಳು ಧೈರ್ಯವಾಗಿಯೇ ಇದ್ದಳು. ಅದು ನಿಜ.

ಸಂಜೆ ನಾಸಿರ್ ಇಬ್ಬರಿಗೂ ಓಟದ ನಂಬರ್ ಚೀಟಿ ತಂದುಕೊಟ್ಟ. ಎದೆಗೆ ಪಿನ್ನು ಹಾಕಿಕೊಳ್ಳುವಂಥದ್ದು. ಹಿಂದೆ ಒಂದು ತೆಳ್ಳನೆ ಎಲೆಕ್ಟ್ರಾನಿಕ್ ಚಿಪ್ ಅಂಟಿಸಿದ್ದಾರೆ. ಮುಗಿಯುವ ಕಡೆ ನೆಲಕ್ಕೆ ರಬ್ಬರ್ ಪಟ್ಟಿ ಹಾಸಿರುತ್ತಾರಂತೆ. ಚೀಟಿ ಅದನ್ನು ದಾಟಿದರೆ ಆ ಹೆಸರಿನವನು ಮುಟ್ಟಿದ ಎಂದು ಕಂಪ್ಯೂಟರ್ ಬರೆದುಕೊಳ್ಳುತ್ತದೆ.

“ಮನುಷ್ಯನ್ನ ನೋಡಾಕಿಲ್ವಾ?” ಎಂದ ಆಂಜಿನಪ್ಪ.

“ಸಾವಿರಾರು ಜನ ಅಣ್ಣಾ, ಯಾರು ನೋಡ್ತಾರೆ. ಚೀಟಿ ನೋಡತ್ತೆ ಅಷ್ಟೇ.”

ಡಿಸೆಂಬರ್ 8, ಭಾನುವಾರ

ಕಾಲು ಬಕೆಟ್ಟಿನ ಬಿಸಿನೀರಿನಲ್ಲಿದೆ. ಮಧ್ಯಾಹ್ನ ಮೂರು ಗಂಟೆ. ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಆರಕ್ಕೆ ಶುರು. ದೇವನಹಳ್ಳಿಯಿಂದ ಆವತಿ ಕಡೆ ಹೋಗಿ ಬೇರೆ ದಾರಿಯಿಂದ ವಾಪಸು. ಮಂಜು ಎಷ್ಟಿತ್ತೆಂದರೆ ಮುಂದಿನವರ ಬೆನ್ನು ಮಾತ್ರ ಕಾಣುತ್ತಿತ್ತು. ಅರ್ಪಿತ ಮುಗಿಯುವ ಕಡೆ ನಿಂತಿರುತ್ತೇನೆ ಎಂದು ಹೇಳಿ, ಅಪ್ಪನ ಮಫ್ಲರ್ ಸರಿಮಾಡಿ ಹೋದಳು.

ಐದು ಕಿಲೋಮೀಟರಿಗೊಂದು ಬೋರ್ಡು. ಮೊದಲನೆಯದು ಬಂದಾಗ ಆಂಜಿನಪ್ಪ ಕೇಳಿದ, “ಎಷ್ಟಾಯ್ತು?” ಗಡಿಯಾರದಲ್ಲಿ ಐವತ್ತು ನಿಮಿಷ. “ಮೂವತ್ತೈದು” ಎಂದೆ. ಹತ್ತರ ಬೋರ್ಡಿನಲ್ಲಿ ಒಂದು ಗಂಟೆ ನಲವತ್ತು. “ಒಂದು ಗಂಟೆ ಎಂಟು” ಎಂದೆ. ಹೀಗೆ ಹೇಳಬೇಕೆಂದು ರಾತ್ರಿಯೇ ಬರೆದು ಬಾಯಿಪಾಠ ಮಾಡಿಕೊಂಡಿದ್ದೆ.

ಎಡವಟ್ಟಾದದ್ದು ಅಲ್ಲೇ. “ಟೈಮು ಬೇಜಾನ್ ಐತಲ್ಲೋ, ಇನ್ನೊಂಚೂರು ಎಳೀಬೋದು” ಎಂದು ಅವನು ವೇಗ ಹೆಚ್ಚಿಸಿದ. ಬೇಡವೋ ಎಂದೆ. ಯಾಕೆ ಬೇಡ ಎಂದು ಕೇಳಿದರೆ ಹೇಳಲು ನನ್ನ ಹತ್ತಿರ ಕಾರಣವಿರಲಿಲ್ಲ. ಇದ್ದ ಕಾರಣವನ್ನು ಹೇಳುವ ಹಾಗಿರಲಿಲ್ಲ. ಹದಿಮೂರು ದಾಟಿದ ಮೇಲೆ ಅವನು ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿದ. ಮತ್ತೆ ಸ್ವಲ್ಪ ಹೊತ್ತಿಗೆ, “ಇವತ್ತೇನ್ಲಾ ಕಾಲು ಇಷ್ಟ್ ಬೇಗ ಸೋತೋದ್ವು” ಎಂದ.

ಹದಿನೈದರ ಬೋರ್ಡಿನ ಹತ್ತಿರ ನೀರು ಕೊಡುವ ಮೇಜು. ಟೋಪಿ ಹಾಕಿದ ಒಬ್ಬ ಹುಡುಗಿ ನೀರು ಕೊಡುತ್ತಾ, “ಸೂಪರ್ ಅಂಕಲ್! ಎರಡು ಗಂಟೆ ಇಪ್ಪತ್ತೇಳು ನಿಮಿಷ ಅಷ್ಟೇ. ಇನ್ನು ಆರಾಮಾಗಿ ನಡ್ಕೊಂಡು ಹೋದ್ರೂ ಮುಟ್ತೀರ” ಎಂದಳು.

ಆಂಜಿನಪ್ಪ ಲೋಟ ಕೆಳಗಿಟ್ಟ. “ಎಷ್ಟಂದ್ಲು?”

ನಾನು ಗಡಿಯಾರ ತೋರಿಸಿದೆ.

“ನಾವು ಎಲ್ಡು ಇಪ್ಪತ್ತಕ್ಕೆ ಪೂರ್ತಿ ಓಡಿದ್ವಲ್ಲೋ.”

“ಅದು ಹದಿನಾಲ್ಕು. ನೂಲು ಮೂರೆಳೇದು. ನಂದೇ ತಪ್ಪು.”

ಅವನು ನನ್ನನ್ನು ನೋಡಿದ. ಬೈಯುತ್ತಾನೆ ಎಂದುಕೊಂಡೆ. ಹೆಜ್ಜೆ ಕಿತ್ತಿಡಲು ಹೋದವನು ಮೀನಖಂಡ ಹಿಡಿದುಕೊಂಡು ರಸ್ತೆಯಂಚಿನ ಕಲ್ಲಿನ ಮೇಲೆ ಕೂತುಬಿಟ್ಟ. ಮೀನಖಂಡದ ಸ್ನಾಯು ಚರ್ಮದ ಕೆಳಗೆ ಇಲಿಯ ಹಾಗೆ ಓಡಾಡುತ್ತಿತ್ತು. ಆ ಹುಡುಗಿ ಬಂದು ಔಷಧಿ ಸಿಂಪಡಿಸಿದಳು, ಉಜ್ಜಿದಳು. ಏಳಲು ಎರಡು ಸಲ ನೋಡಿದ, ಎರಡು ಸಲವೂ ಕೂತ.

ಆಮೇಲೆ ಎದೆಯ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿ, ಚೀಟಿಯನ್ನು ನನಗೆ ಚಾಚಿದ.

“ತಗೊ. ನಿನ್ ತಪ್ಪು ಅಲ್ವಾ, ನೀನೇ ಹೊತ್ಕೊಂಡೋಗು.”

“ಅರ್ಪಿತ ಅಲ್ಲೇ ನಿಂತಿರ್ತಾಳೆ.”

“ಆ ಜನದಲ್ಲಿ ಯಾರ್ ಯಾರಂತ ಗೊತ್ತಾಯ್ತದೆ? ನಾಸಿರ್ ಹೇಳ್ಲಿಲ್ವಾ, ಚೀಟಿ ದಾಟಿದ್ರಾಯ್ತು ಅಂತ. ನಾನು ಆಟೋ ಹಿಡ್ಕೊಂಡು ಹಿಂದಿಂದ ಬತ್ತೀನಿ.” ಮೀನಖಂಡ ಒತ್ತಿಕೊಳ್ಳುತ್ತಾ, “ನಾಲ್ಕು ಮಗ್ಗ ಕಣೋ ಭೀಮ” ಎಂದ. ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಈವರೆಗೆ ಕೇಳಿರಲಿಲ್ಲ.

ಚೀಟಿಯನ್ನು ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡೆ. ಹೊರಟೆ.

ಆರು ಕಿಲೋಮೀಟರು ಏನು ಯೋಚಿಸಿದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಹೆಚ್ಚಾಗಿ ನಡೆದೆ, ಇಳಿಜಾರಿನಲ್ಲಿ ಓಡಿದೆ. ಮಂಜು ಕರಗಿ ದ್ರಾಕ್ಷಿ ತೋಟದ ಕಲ್ಲುಕಂಬಗಳು ಕಂಡವು. ಎಡ ಹೆಬ್ಬೆರಳಿನ ಉಗುರು ಹೋಗಿದೆ, ಯಾವಾಗ ಎಂದು ಗೊತ್ತಿಲ್ಲ. ಕೊನೆಯ ತಿರುವು ತಿರುಗಿದಾಗ ಕೆಂಪು ಅಂಕಿಯ ದೊಡ್ಡ ಗಡಿಯಾರ ಕಂಡಿತು. ಮೂರು ಗಂಟೆ ಮೂವತ್ತೊಂಬತ್ತು. ಇನ್ನೂ ಆರು ನಿಮಿಷವಿತ್ತು, ನಲವತ್ತು ಹೆಜ್ಜೆಯಿತ್ತು. ನನಗೆ ಮುಟ್ಟಲು ಸಾಧ್ಯ ಎಂಬುದು ಆಗ ಹೊಳೆಯಿತು. ಇಬ್ಬರನ್ನೂ ಮುಟ್ಟಿಸಲು ಸಾಧ್ಯ.

ಪಟ್ಟಿಗೆ ಹತ್ತು ಹೆಜ್ಜೆ ಇರುವಾಗ ಜನರನ್ನು ತಡೆಯಲು ಇಟ್ಟ ಕಟಕಟೆಯ ಆಚೆಯಿಂದ ಅರ್ಪಿತ ಕೂಗಿದಳು. “ಮಾಮ! ಅಪ್ಪ ಎಲ್ಲಿ?”

ಹಿಂದೆ ಬರ್ತಿದ್ದಾನಮ್ಮ, ನಥಿಂಗ್ ಸೀರಿಯಸ್. ಈ ಮಾತು ಸಿದ್ಧವಾಗಿ ನಾಲಿಗೆಯ ಮೇಲೇ ಇತ್ತು. ಬಾಯಿ ತೆರೆದೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

ಕಟಕಟೆಯ ಹತ್ತಿರ ಹೋಗಿ, ಜೇಬಿನ ಗುಂಡಿ ಬಿಚ್ಚಿ, ಚೀಟಿಯನ್ನು ಅವಳ ಕೈಗಿಟ್ಟೆ. “ಹದಿನೈದರ ಬೋರ್ಡಿನ ಹತ್ರ ಕೂತಿದ್ದಾನೆ. ಕಾಲು ಹಿಡ್ಕೊಂಡಿದೆ, ಜ್ಞಾನ ಇದೆ, ಮಾತಾಡ್ತಾನೆ. ಇದನ್ನ ದಾಟಿಸು ಅಂತ ಕೊಟ್ಟ. ದಾರಿ ತಪ್ಪಾಗಿ ಅಳೆದೋನು ನಾನು. ಒಂಬತ್ತು ದಿನದಿಂದ ನಂಗೆ ಗೊತ್ತಿತ್ತು, ಹೇಳ್ಲಿಲ್ಲ.”

ಅವಳು ಕಟಕಟೆಯ ಸಂದಿನಿಂದ ನನ್ನ ಕೈ ಹಿಡಿದು ಆಚೆಗೆ ಎಳೆದುಕೊಂಡಳು. ಇಬ್ಬರೂ ಕಾರು ನಿಲ್ಲಿಸಿದ ಕಡೆಗೆ ಓಡಿದೆವು. ಪಟ್ಟಿ ನನ್ನ ಎಡಕ್ಕೆ ಉಳಿಯಿತು.

ನಾಸಿರ್ ಈಗ ಫೋನ್ ಮಾಡಿದ್ದ. ಫಲಿತಾಂಶದ ಪಟ್ಟಿಯಲ್ಲಿ ಇಬ್ಬರ ಹೆಸರಿನ ಮುಂದೂ ಡಿ.ಎನ್.ಎಫ್. ಎಂದಿದೆಯಂತೆ, ಹಾಗೆಂದರೇನು ಭೀಮಣ್ಣ ಎಂದ. ಡಿಡ್ ನಾಟ್ ಫಿನಿಶ್. ಇಷ್ಟು ಇಂಗ್ಲಿಷು ಮರೆತಿಲ್ಲ.

ಡಿಸೆಂಬರ್ 12, ಗುರುವಾರ

ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತದೆ. ಅವರ ಮನೆಗೆ ಹೋದೆ, ಆಂಜಿನಪ್ಪ ಬಾಗಿಲು ತೆಗೆಯಲಿಲ್ಲ. ಒಳಗಿಂದಲೇ, “ಆಂಜಿನಪ್ಪ ಸತ್ತೋದ ಅಂತ ಹೇಳಮ್ಮಾ” ಎಂದು ಮಗಳಿಗೆ ಕೂಗಿದ. ಶೆಡ್ಡಿನಲ್ಲಿ ಕೂಗುವಷ್ಟು ಜೋರಾಗಿ. ಹಾಗಾದರೆ ಆರೋಗ್ಯವಾಗಿದ್ದಾನೆ.

ಒಬ್ಬನೇ ಒಂದು ಸುತ್ತು ಹೋಗಿ ಬಂದೆ. ನಾಲ್ಕೂ ಮುಕ್ಕಾಲಕ್ಕೂ ಕಡಿಮೆ.

ಡಿಸೆಂಬರ್ 22, ಭಾನುವಾರ

ಅರ್ಪಿತ ಬಂದಿದ್ದಳು. ಕುರ್ಚಿಯ ಮೇಲಿನ ಪೇಪರುಗಳನ್ನು ತೆಗೆದು ಕೂರಿಸಿದೆ.

ಅಪ್ಪ ತಾನೇ ಹೋಗಿ ಗುಜರಿಯವರನ್ನು ಕರೆದುಕೊಂಡು ಬಂದನಂತೆ. ಬೇಡ ಅಪ್ಪ, ಇನ್ನೊಂದು ಸಲ ಯೋಚಿಸೋಣ ಎಂದರೂ ಕೇಳಲಿಲ್ಲ. ಸಹಿ ಹಾಕಿದ್ದೀನಿ ಎಂದ. ಏರಿಸಿದ್ದ ಹಾಸುಗಳನ್ನು ಕತ್ತರಿಸಿ, ಸುತ್ತಿ, ಬೇರೆ ನೇಕಾರರಿಗೆ ಕೊಟ್ಟ. ಮೂರು ಮಗ್ಗ ಬಿಚ್ಚಿ ಲಾರಿಗೆ ಹಾಕಿದರು. ಅಪ್ಪ ಬೋಲ್ಟುಗಳನ್ನು ತಾನೇ ಬಿಚ್ಚಿಕೊಟ್ಟನಂತೆ, ಅವರು ಸುತ್ತಿಗೆಯಿಂದ ಹೊಡೆಯಬಾರದು ಎಂದು.

“ನಾಲ್ಕನೇದಕ್ಕೆ ಕೈ ಹಾಕಿದಾಗ ನಾನು ಅಡ್ಡ ನಿಂತೆ ಮಾಮ. ನಂಗೇ ಆಗ್ಲಿಲ್ಲ. ಅದೊಂದು ಇರ್ಲಿ.”

“ಒಳ್ಳೇದಾಯ್ತು” ಎಂದೆ.

“ಆದ್ರೆ ಒಬ್ರೇ ನಡ್ಸೋ ಹಾಗಿಲ್ಲ ಅಂದಿದ್ದೀನಿ. ಬೆಳಕಿರೋ ತನಕ ಮಾತ್ರ. ಒಳಗೆ ಒಬ್ರು ಕೂತಿರ್ಬೇಕು.” ಅವಳು ನನ್ನನ್ನು ನೋಡಿದಳು. “ನೀವು ಬನ್ನಿ.”

“ನನ್ನ ಮುಖ ನೋಡಲ್ಲ ಅವನು.”

“ನೋಡೋದ್ ಬೇಡ. ಅಪ್ಪನ್ನ ನೀವು ನೋಡಿದ್ರೆ ಸಾಕು. ಇನ್ಯಾರನ್ನ ಕೂರ್ಸಿದ್ರೂ, ಏನಾದ್ರೂ ಆದ್ರೆ ಅಪ್ಪ ಹೇಳ್ಬೇಡ ಅಂತಾರೆ, ಅವ್ರು ಹೂಂ ಅಂತಾರೆ. ನೀವು ಆವತ್ತು ಹತ್ತು ಹೆಜ್ಜೇಲಿ ನಿಂತ್ರಲ್ಲ ಮಾಮ. ನಂಗಷ್ಟು ಸಾಕು.”

ಒಂಬತ್ತು ದಿನ ಹೇಳದೆ ಇದ್ದದ್ದನ್ನು ನೆನಪಿಸಿದೆ. “ಗೊತ್ತು. ಅದನ್ನೂ ನೀವೇ ಹೇಳಿದ್ದು” ಎಂದಳು.

ಜನವರಿ 6, ಸೋಮವಾರ

ಇದನ್ನು ಶೆಡ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ಬರೆಯಲು ಈಗ ಹೊತ್ತು ಸಿಗುವುದಿಲ್ಲ. ಬಾಗಿಲ ಪಕ್ಕ ಒಂದು ಸ್ಟೂಲು ನನ್ನದು. ಮೂರು ಮಗ್ಗಗಳಿದ್ದ ಕಡೆ ನೆಲದಲ್ಲಿ ಎಣ್ಣೆಯ ಕಲೆ ಚೌಕ ಚೌಕವಾಗಿ ಉಳಿದಿದೆ. ಅಲ್ಲಿ ಕಾಲಿಡದೆ ಸುತ್ತಿ ಬರುತ್ತಾನೆ ಆಂಜಿನಪ್ಪ. ನಾನೂ ಹಾಗೇ ಮಾಡುತ್ತೇನೆ.

ನಾನಿಲ್ಲಿ ಕೂರತೊಡಗಿ ಹದಿನಾಲ್ಕು ದಿನವಾದರೂ ಅವನು ನನ್ನ ಜೊತೆ ಬಾಯಿಬಿಟ್ಟು ಮಾತಾಡಿರಲಿಲ್ಲ. ಸನ್ನೆ ಮಾತ್ರ. ಹೆಬ್ಬೆರಳು ಬಾಯಿಗೆ ತೋರಿಸಿದರೆ ನಾನು ಹೋಗಿ ಟೀ ತರುತ್ತೇನೆ. ಒಂದೇ ಮಗ್ಗವಾದರೂ ಸದ್ದು ಸಾಕಷ್ಟಿದೆ, ಮಾತಾಡದೆ ಇರುವುದಕ್ಕೆ ಅದೇ ಕಾರಣ ಎಂದು ಇಬ್ಬರೂ ನಡೆಸಿಕೊಂಡು ಹೋಗುತ್ತಿದ್ದೆವು.

ಇವತ್ತು ನಾಲ್ಕು ಗಂಟೆಗೆ ಕರೆಂಟು ಹೋಯಿತು. ಲಾಳಿ ಅರ್ಧಕ್ಕೆ ನಿಂತಿತು. ಬೀದಿಯ ಎಲ್ಲ ಮಗ್ಗವೂ ಒಟ್ಟಿಗೆ ನಿಂತರೆ ಎಂಥ ಮೌನವಾಗುತ್ತದೆ ಎಂದರೆ, ದೂರದ ಬಸ್ಸಿನ ಹಾರ್ನು ಪಕ್ಕದಲ್ಲೇ ಕೇಳಿಸಿತು. ಅವನು ಹಾಸಿನ ಮೇಲೆ ಕೈಯಾಡಿಸುತ್ತಾ, ನನ್ನ ಕಡೆ ತಿರುಗದೆ ಕೇಳಿದ.

“ಮೂರೆಳೆ ಅಂತ ಯಾವತ್ತು ಗೊತ್ತಾಯ್ತು ನಿಂಗೆ?”

“ಒಂಬತ್ತು ದಿನ ಮುಂಚೆ.”

“ಆವತ್ತೇ ಹೇಳಿದ್ರೆ ಮೊದಲಿಂದ್ಲೂ ನಿಧಾನಕ್ಕೆ ಹೋಗಿರ್ತಿದ್ದೆ. ನಡ್ಕೊಂಡಾದ್ರೂ ಮುಟ್ಟಿರ್ತಿದ್ದೆ.”

ಎರಡು ವಾರದಲ್ಲಿ ನಾನೂ ಈ ಲೆಕ್ಕವನ್ನು ಹಾಕಿ ನೋಡಿದ್ದೆ. ಕಿಲೋಮೀಟರಿಗೆ ಹತ್ತೂವರೆ ನಿಮಿಷದಂತೆ ಹೋದರೂ ಸಾಕಿತ್ತು, ಇಬ್ಬರೂ ಮುಟ್ಟುತ್ತಿದ್ದೆವು.

“ಹೌದು” ಎಂದೆ. “ಮುಟ್ಟಿರ್ತಿದ್ದೆ.”

ಅವನು ತಲೆಯಾಡಿಸಿದ. ಬೈಯಲಿಲ್ಲ. ಒಂದು ಕಡೆ ಎಳೆ ಕಡಿದಿತ್ತು, ಕಣ್ಣಿಂದ ನೋಡದೆ ಗಂಟು ಹಾಕಿದ. “ಗ್ಯಾರಂಟಿ ಮುಟ್ಟಿರ್ತಿದ್ದೆ ಕಣ್ಲಾ” ಎಂದು ಮತ್ತೊಂದು ಸಲ ಹೇಳಿದ. ನಾನು ಮತ್ತೊಂದು ಸಲ ಹೌದು ಎಂದೆ. ಅಷ್ಟರಲ್ಲಿ ಕರೆಂಟು ಬಂತು.

ಆಗಿನಿಂದ ನೇಯುತ್ತಲೇ ಇದ್ದಾನೆ. ಹಸಿರು ಒಡಲಿಗೆ ಅರಿಶಿನ ಬಣ್ಣದ ಅಂಚು. ಅಂಚಿನ ಬಣ್ಣ ಅರಿಶಿನವೋ ಕಿತ್ತಳೆಯೋ ಎಂದು ಇಷ್ಟು ಹೊತ್ತು ಚೆನ್ನಾಗಿಯೇ ಗೊತ್ತಾಗುತ್ತಿತ್ತು, ಈಗ ಎರಡೂ ಒಂದೇ ಥರ ಕಾಣುತ್ತಿದೆ. ಬರೆದ ಗೆರೆಯೂ ಸರಿಯಾಗಿ ಕಾಣುತ್ತಿಲ್ಲ. ಹೊತ್ತು ಮುಳುಗುತ್ತಿದೆ, ಅರ್ಪಿತ ಹಾಕಿದ ಗಡಿ ಇದೇ. ಅವನಾಗಿ ನಿಲ್ಲಿಸುವವನಲ್ಲ, ಈ ಸದ್ದಿನಲ್ಲಿ ಇಲ್ಲಿಂದ ಕೂಗಿದರೆ ಕೇಳಿಸುವುದೂ ಇಲ್ಲ. ಎದ್ದು ಹೋಗಿ ಅವನ ಕಣ್ಣೆದುರೇ ನಿಲ್ಲಬೇಕು.